ತಿಗರಿ ಬಿಟ್ಟ ಕುಂಬಾರ: ಜೊಸಾಯಾ ವೆಜ್‌ವುಡ್ ಕಲಿತ ಪಾಠ, ಕಲಿಸಿದ ಪಾಠ

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂದಂತೆ ನಮ್ಮ ಹಾಸ್ಟೆಲ್ ಕಾರಿಡಾರಿನಲ್ಲಿ ಕೋಡಿಂಗ್ ರೌಂಡಿನ ಜೊತೆಗೆ ಇನ್ನೊಂದು ಹೆಸರೂ ಓಡಾಡುತ್ತೆ: ಪ್ರಾಡಕ್ಟ್ ಮ್ಯಾನೇಜ್‌ಮೆಂಟ್. ಎಲ್ಲರಿಗೂ ಆಸೆ ಇದೆ. ಆದರೆ ಅದು ಏನು ಕೆಲಸ ಅಂತ ನಾಲ್ಕು ಜನರನ್ನ ಕೇಳಿ ನೋಡಿ, ನಾಲ್ಕು ಉತ್ತರ ಬರುತ್ತೆ. ನಮ್ಮಲ್ಲಿ ಕೆಲವರು ಕೆಲವೇ ವಾರದ ಆನ್‌ಲೈನ್ ಕೋರ್ಸು ಮುಗಿಸಿ ರೆಸ್ಯೂಮೆಗೆ ಒಂದು ಸಾಲು ಸೇರಿಸಿಕೊಂಡಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. ಆದರೂ ಈ ಕೆಲಸವನ್ನ ಎಲ್ಲಿ, ಹೇಗೆ ಕಲಿಯೋದು ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ.

ಸರಳವಾಗಿ ಹೇಳೋದಾದರೆ ಕೆಲಸ ಇಷ್ಟು. ಜನಕ್ಕೆ ಏನು ಬೇಕು ಅಂತ ತಿಳಿಯಬೇಕು. ಅದನ್ನ ಮಾಡುವವರ ಜೊತೆ ಕೂತು ಮಾಡಿಸಬೇಕು. ಬೆಲೆ ಕಟ್ಟಬೇಕು, ಕೊಳ್ಳುವವರ ಕೈಗೆ ಮುಟ್ಟಿಸಬೇಕು. ಕೈಕೊಟ್ಟರೆ ತಾನೇ ಉತ್ತರ ಹೇಳಬೇಕು. ಈ ಜವಾಬ್ದಾರಿಗೆ ಒಂದು ಹುದ್ದೆಯ ರೂಪ ಬಂದಿದ್ದು 1931ರಲ್ಲಿ ಅಂತ ಸಾಮಾನ್ಯವಾಗಿ ಹೇಳ್ತಾರೆ. ಆ ವರ್ಷ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ನೀಲ್ ಮೆಕೆಲ್ರಾಯ್ ಅನ್ನೋ ಯುವಕ, ಒಂದೊಂದು ಸೋಪಿನ ಬ್ರ್ಯಾಂಡಿಗೂ ಪೂರ್ತಿ ಹೊಣೆ ಹೊರುವ ಜನ ಬೇಕು ಅಂತ ಮೂರು ಪುಟದ ಟಿಪ್ಪಣಿ ಬರೆದ. ಹುದ್ದೆ ಆಗ ಬಂತು, ಕೆಲಸ ಮಾತ್ರ ಅದಕ್ಕಿಂತ ತುಂಬಾ ಹಳೆಯದು. ಮೆಕೆಲ್ರಾಯ್‌ಗಿಂತ ಸುಮಾರು ನೂರೈವತ್ತು ವರ್ಷ ಮೊದಲೇ ಇದನ್ನೆಲ್ಲ ಮಾಡಿದ ಒಬ್ಬ ಕುಂಬಾರನ ಕಥೆಯನ್ನ ನಾವು ಈ ಸಂಚಿಕೆಯಲ್ಲಿ ಹೇಳ್ತಿದ್ದೇವೆ. ಅವನ ಹೆಸರು ಜೊಸಾಯಾ ವೆಜ್‌ವುಡ್. ದೊಡ್ಡ ಅಂಗಡಿಗಳಲ್ಲಿ ನೀಲಿ ಹಿನ್ನೆಲೆಯ ಮೇಲೆ ಬಿಳಿ ಉಬ್ಬುಚಿತ್ರ ಇರೋ ಹೂದಾನಿ ನೋಡಿದ್ದರೆ, ಆ ಶೈಲಿ ಅವನದೇ.

ಐದು ವರ್ಷದ ಕರಾರು

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿರೋ ಬರ್ಸ್‌ಲೆಮ್ ಆಗ ಕುಂಬಾರರ ಊರು. ಜೇಡಿಮಣ್ಣು, ಕಲ್ಲಿದ್ದಲು ಎರಡೂ ಅಲ್ಲೇ ಸಿಗುತ್ತಿದ್ದವು. ಹಾಗಾಗಿ ಊರ ತುಂಬಾ ಆವಿಗೆಗಳು, ಆಕಾಶದ ತುಂಬಾ ಹೊಗೆ. 1730ರಲ್ಲಿ ಅಂಥ ಒಂದು ಕುಂಬಾರರ ಮನೆಯಲ್ಲಿ ಜೊಸಾಯಾ ಹುಟ್ಟಿದ. ದೊಡ್ಡ ಸಂಸಾರದ ಕೊನೆಯ ಮಗು. 1739ರಲ್ಲಿ ತಂದೆ ತೀರಿಕೊಂಡರು. ಹುಡುಗನ ಶಾಲೆ ಅಲ್ಲಿಗೇ ನಿಂತಿತು, ಮನೆಯ ಕುಂಬಾರಿಕೆಗೆ ಕೈ ಹಾಕಬೇಕಾಯಿತು.

ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಸಿಡುಬು ಬಂತು. ಜೀವ ಉಳಿಯಿತು, ಬಲಗಾಲಿನ ಮಂಡಿ ಕೆಟ್ಟಿತು. ಆ ನೋವಿನಲ್ಲೇ 1744ರ ನವೆಂಬರಿನಲ್ಲಿ ಅಣ್ಣ ಥಾಮಸ್ ಹತ್ತಿರ ಅಪ್ರೆಂಟಿಸ್ ಆಗಿ ಸೇರಿದ. ಅಣ್ಣ ತಮ್ಮ ಅಂತ ಬಾಯಿಮಾತಿನಲ್ಲಿ ಮುಗಿಯಲಿಲ್ಲ, ಐದು ವರ್ಷಕ್ಕೆ ಕರಾರುಪತ್ರ ಆಯಿತು. ತಿಗರಿಯ ಮೇಲೆ ಪಾತ್ರೆ ಎತ್ತೋದು, ಹಿಡಿಕೆ ಕೂರಿಸೋದು ಇವನ್ನ ಅಣ್ಣ ಕಲಿಸಬೇಕು. ಊಟ, ಬಟ್ಟೆ, ವಸತಿ ಕೊಡಬೇಕು. ತಮ್ಮ ಇಸ್ಪೀಟು, ಪಗಡೆ ಆಡಬಾರದು, ಹೆಂಡದಂಗಡಿಗೆ ಹೋಗಬಾರದು, ಕರಾರು ಮುಗಿಯೋವರೆಗೆ ಮದುವೆಯೂ ಆಗಬಾರದು. ನಮ್ಮ ಹಾಸ್ಟೆಲ್ ನಿಯಮಗಳೇ ಜಾಸ್ತಿ ಅನ್ನುವವರು ಇದನ್ನೊಮ್ಮೆ ಯೋಚಿಸಿ!

ಆ ಕಾಲದ ವೃತ್ತಿಶಿಕ್ಷಣ ಅಂದರೆ ಇದೇ. ಪುಸ್ತಕ ಇಲ್ಲ, ಪರೀಕ್ಷೆ ಇಲ್ಲ. ಕೈಗೆ ಬರೋವರೆಗೆ ಮಾಡ್ತಾ ಇರಬೇಕು. ಮಣ್ಣು ಎಷ್ಟು ಹದ ಇರಬೇಕು, ಯಾವ ಬೆಂಕಿಗೆ ಸೀಳುತ್ತೆ, ಹಿಡಿಕೆ ಎಲ್ಲಿ ಕೂರಿಸಿದರೆ ಕೈಗೆ ಹಗುರ ಅನ್ನೋದೆಲ್ಲ ಬೆರಳಿಗೆ ಗೊತ್ತಾಗಬೇಕು.

ಕಾಲು ತೋರಿಸಿದ ದಾರಿ

ಕೆಟ್ಟ ಮಂಡಿಯಿಂದಾಗಿ ವೆಜ್‌ವುಡ್‌ಗೆ ದಿನವಿಡೀ ತಿಗರಿಯ ಮುಂದೆ ಕೂರೋದು ಕಷ್ಟವಾಯಿತು. ಒಳ್ಳೆ ಕುಂಬಾರ ಆಗಬೇಕಾದವನು ತಿಗರಿ ಬಿಡಬೇಕಾಗಿ ಬಂದರೆ ಮುಂದೇನು? ಅವನು ಮಿಕ್ಕ ಕೆಲಸಗಳ ಕಡೆ ತಿರುಗಿದ. ಅಚ್ಚು ಮಾಡೋದು, ಮಣ್ಣು ಬೆರೆಸೋದು, ಮೆರುಗು ಕೊಡೋದು, ಆವಿಗೆ ಸುಡೋದು, ಮಾಲು ಮಾರೋದು. ಬರ್ಸ್‌ಲೆಮ್ಮಿನ ಹೆಚ್ಚಿನ ಕುಂಬಾರರು ಒಂದೆರಡು ಕೆಲಸದಲ್ಲಿ ಪಳಗಿ ಜೀವನ ಕಳೆದರೆ, ಇವನು ಕಾರ್ಖಾನೆಯ ಒಂದೊಂದು ಕೋಣೆಗೂ ಹೊಕ್ಕು ಬಂದ.

ಕರಾರು ಮುಗಿದ ಮೇಲೆ ಅಣ್ಣ ಅವನನ್ನ ಪಾಲುದಾರ ಮಾಡಿಕೊಳ್ಳಲಿಲ್ಲ. ಬೇರೆಯವರ ಜೊತೆ ಒಂದೆರಡು ವರ್ಷ ದುಡಿದು, 1754ರಲ್ಲಿ ಆ ಸೀಮೆಯ ಹೆಸರಾಂತ ಕುಂಬಾರ ಥಾಮಸ್ ವೀಲ್ಡನ್ ಜೊತೆ ಪಾಲುದಾರನಾದ. ಆ ಒಪ್ಪಂದದಲ್ಲಿ ಅವನಿಗೆ ಅನುಕೂಲವಾದ ಒಂದು ಅಂಶ ಇತ್ತು. ವೆಜ್‌ವುಡ್ ಪ್ರಯೋಗ ಮಾಡಬಹುದು, ಅದರ ಗುಟ್ಟು ಬಿಟ್ಟುಕೊಡಬೇಕಾಗಿಲ್ಲ. ಈಗಿನ ಮಾತಿನಲ್ಲಿ ಹೇಳೋದಾದರೆ ಸಂಶೋಧನೆಗೆ ಜಾಗ, ಹಣ ಸಿಕ್ಕಿತು, ಐಪಿ ಅವನ ಹತ್ತಿರವೇ ಉಳಿಯಿತು.

ಪ್ರಯೋಗದ ಪುಸ್ತಕ

1759ರ ಫೆಬ್ರವರಿಯಲ್ಲಿ ವೆಜ್‌ವುಡ್ ತನ್ನ ಪ್ರಯೋಗದ ಪುಸ್ತಕ ಶುರುಮಾಡಿದ. ಅದರ ಪೀಠಿಕೆ ನಮ್ಮ ಗಮನ ಸೆಳೆಯಬೇಕು. ಅಲ್ಲಿ ಇರೋದು ಮಾರುಕಟ್ಟೆಯ ಸ್ಥಿತಿ. ಬಿಳಿ ಉಪ್ಪುಮೆರುಗಿನ ಪಾತ್ರೆಯೇ ಊರಿನ ಮುಖ್ಯ ಮಾಲು, ಆದರೆ ಅದರ ಬೆಲೆ ಎಷ್ಟು ಇಳಿದಿದೆ ಅಂದರೆ ಒಳ್ಳೆಯದಾಗಿ ಮಾಡಿದರೆ ಗಿಟ್ಟೋದಿಲ್ಲ. ಆಮೆಚಿಪ್ಪಿನ ಬಣ್ಣದ ಪಾತ್ರೆ ನೋಡಿ ನೋಡಿ ಜನಕ್ಕೆ ಬೇಸರ ಬಂದಿದೆ, ಬೆಲೆ ಇಳಿಸಿದರೂ ಕೊಳ್ಳುತ್ತಿಲ್ಲ. ಹಾಗಾಗಿ ಮಣ್ಣು, ಮೆರುಗು, ಬಣ್ಣ, ಆಕಾರ ಎಲ್ಲವೂ ಸುಧಾರಿಸಬೇಕು. ಹೀಗೆ ತನ್ನ ಕಾರಣಗಳನ್ನ ಬರೆದಿಟ್ಟ ಮೇಲೆ ಪ್ರಯೋಗಗಳು ಬರುತ್ತವೆ.

ನಾವು ಪ್ರಾಜೆಕ್ಟ್ ರಿಪೋರ್ಟಿಗೆ ಪ್ರಾಬ್ಲಂ ಸ್ಟೇಟ್‌ಮೆಂಟ್ ಬರೆಯೋದು ಸಾಮಾನ್ಯವಾಗಿ ಪ್ರಾಜೆಕ್ಟ್ ಮುಗಿದ ಮೇಲೆ, ಅಲ್ವಾ? ವೆಜ್‌ವುಡ್ ಅದನ್ನ ಮೊದಲೇ ಬರೆದ. ಯಾವ ಮಾಲು ಯಾಕೆ ಹೋಗುತ್ತಿಲ್ಲ ಅಂತ ಗೊತ್ತಿದ್ದದ್ದರಿಂದಲೇ ಯಾವ ಪ್ರಯೋಗ ಮಾಡಬೇಕು ಅಂತಲೂ ಗೊತ್ತಿತ್ತು.

ಪುಸ್ತಕ ಸಂಕೇತ ಭಾಷೆಯಲ್ಲಿತ್ತು, ಬೇರೆಯವರ ಕೈಗೆ ಸಿಕ್ಕರೂ ಅರ್ಥ ಆಗಬಾರದು ಅಂತ. 1764ರಲ್ಲಿ ದೂರದ ಸಂಬಂಧಿ ಸಾರಾಳನ್ನ ಮದುವೆಯಾದ ಮೇಲೆ ಆಕೆಯೂ ಆ ಸಂಕೇತ ಕಲಿತಳು, ಪ್ರಯೋಗಗಳನ್ನ ಬರೆದಿಡಲು ನೆರವಾದಳು. ಹೊಸ ಪಾತ್ರೆಯ ಆಕಾರ, ಹಿಡಿಕೆ, ಸುರಿಯೋ ಮೂತಿ ಹೇಗಿದೆ ಅಂತ ಆಕೆಯ ಅಭಿಪ್ರಾಯ ಕೇಳುತ್ತಿದ್ದ. ಪಾತ್ರೆಯನ್ನ ದಿನಾ ಬಳಸುವವರ ಮಾತಿಗೆ ಅವನ ಹತ್ತಿರ ಬೆಲೆ ಇತ್ತು.

ರಾಣಿಯ ಆರ್ಡರು

1759ರಲ್ಲೇ ಅವನು ಬರ್ಸ್‌ಲೆಮ್ಮಿನಲ್ಲಿ ಸ್ವಂತ ಕಾರ್ಖಾನೆ ಶುರುಮಾಡಿದ. ಮೊದಲು ಹಸಿರು ಮೆರುಗು, ಹೂಕೋಸಿನ ಆಕಾರದ ಪಾತ್ರೆಗಳು. ಆಮೇಲೆ ಅವನ ಮುಖ್ಯ ಗಮನ ಕೆನೆ ಬಣ್ಣದ ಪಾತ್ರೆಯ ಮೇಲೆ. ಅಂಥ ಪಾತ್ರೆ ಅವನಿಗೂ ಮೊದಲೇ ಇತ್ತು. ಆದರೆ ಒಂದು ಸುತ್ತಿನ ಬಣ್ಣ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ವೆಜ್‌ವುಡ್ ಅದನ್ನ ಹಗುರ, ನುಣುಪು ಮಾಡಿದ, ಮತ್ತೆ ಮತ್ತೆ ಒಂದೇ ಥರ ಬರುವಂತೆ ಮಾಡಿದ. ಲೋಹದ ಕೆಲಸಕ್ಕೆ ಬಳಸುತ್ತಿದ್ದ ಒಂದು ಬಗೆಯ ಲೇಥನ್ನ 1763ರಲ್ಲಿ ತಂದು ಮಣ್ಣಿನ ಪಾತ್ರೆಗೆ ಹಚ್ಚಿದ. ಮೆಕ್ಯಾನಿಕಲ್ ಗೆಳೆಯರಿಗೆ ಇದು ಇಷ್ಟವಾದೀತು.

1765ರಲ್ಲಿ ರಾಣಿ ಶಾರ್ಲೆಟ್ ಕಡೆಯಿಂದ ಒಂದು ಟೀ ಸೆಟ್ಟಿಗೆ ಆರ್ಡರು ಬಂತು. ಬಂಗಾರದ ಹಿನ್ನೆಲೆ, ಅದರ ಮೇಲೆ ಹಸಿರು ಉಬ್ಬು ಹೂಗಳು. ಕಷ್ಟದ ಕೆಲಸ, ಲಾಭ ಕಡಿಮೆ. ವೆಜ್‌ವುಡ್ ಒಪ್ಪಿಕೊಂಡು ಮಾಡಿಕೊಟ್ಟ. ಅದಕ್ಕೆ ಪ್ರತಿಯಾಗಿ ರಾಣಿಯ ಕುಂಬಾರ ಅಂತ ಹೇಳಿಕೊಳ್ಳುವ ಅನುಮತಿ ಸಿಕ್ಕಿತು. ತನ್ನ ಕೆನೆ ಬಣ್ಣದ ಪಾತ್ರೆಗೆ ಕ್ವೀನ್ಸ್ ವೇರ್ ಅಂತ ಹೆಸರಿಟ್ಟ. ಅರಮನೆಯಲ್ಲಿರೋದು ತಮ್ಮ ಮನೆಯಲ್ಲೂ ಇರಲಿ ಅಂತ ಮಧ್ಯಮ ವರ್ಗದ ಜನ ಮುಗಿಬಿದ್ದರು. ಮೊದಲು ಶ್ರೀಮಂತರಿಗೆ ಹೆಚ್ಚು ಬೆಲೆಗೆ, ಹೆಸರು ಹರಡಿದ ಮೇಲೆ ಇಳಿಸಿದ ಬೆಲೆಗೆ ಹೆಚ್ಚು ಜನಕ್ಕೆ. ಹೊಸ ಫೋನುಗಳ ವಿಷಯದಲ್ಲಿ ನಾವು ಇವತ್ತು ನೋಡೋದೂ ಇದೇ ಆಟ.

ಅವನು ಕೊಳ್ಳುವವರನ್ನ ಅರ್ಥ ಮಾಡಿಕೊಂಡಿದ್ದರಲ್ಲಿ ಒಬ್ಬ ಗೆಳೆಯನ ಪಾಲು ದೊಡ್ಡದು. 1762ರಲ್ಲಿ ಲಿವರ್‌ಪೂಲಿಗೆ ಹೋಗುವಾಗ ಮಂಡಿಗೆ ಮತ್ತೆ ಪೆಟ್ಟಾಗಿ ಅಲ್ಲೇ ಹಾಸಿಗೆ ಹಿಡಿದಿದ್ದ. ಚಿಕಿತ್ಸೆ ಮಾಡುತ್ತಿದ್ದ ವೈದ್ಯ ಥಾಮಸ್ ಬೆಂಟ್ಲಿ ಅನ್ನೋ ವ್ಯಾಪಾರಿಯನ್ನ ಪರಿಚಯ ಮಾಡಿಸಿದ. ಬೆಂಟ್ಲಿ ಓದಿದವನು, ದೇಶ ಸುತ್ತಿದವನು, ಫ್ಯಾಷನ್ ಬಲ್ಲವನು. ಮುಂದೆ ಇವರಿಬ್ಬರೂ ಪಾಲುದಾರರಾದರು. ಬೆಂಟ್ಲಿ ಲಂಡನ್ನಿನಲ್ಲಿ ಕೂತು ಜನ ಏನು ಕೇಳ್ತಿದ್ದಾರೆ ಅಂತ ಬರೆಯೋದು, ವೆಜ್‌ವುಡ್ ಮಣ್ಣಿನಲ್ಲಿ ಏನು ಸಾಧ್ಯ ಅಂತ ಉತ್ತರಿಸೋದು. ಆ ಪತ್ರವ್ಯವಹಾರ ವರ್ಷಗಟ್ಟಲೆ ನಡೆಯಿತು.

ಕಾಲುವೆ ಬಂತು, ಕಾಲು ಹೋಯಿತು

ಮಾಲು ಎಷ್ಟೇ ಚೆನ್ನಾಗಿರಲಿ, ಒಡೆಯದೆ ಊರು ಮುಟ್ಟಬೇಕಲ್ಲ. ಬರ್ಸ್‌ಲೆಮ್ಮಿನ ಸುತ್ತಿನ ರಸ್ತೆಗಳು ಗುಂಡಿಮಯ. ಹೇರುಗುದುರೆಗಳ ಮೇಲೆ ಪಾತ್ರೆ ಹೊತ್ತು ಸಾಗಿಸುವಾಗ ಎಷ್ಟೋ ದಾರಿಯಲ್ಲೇ ಚೂರಾಗುತ್ತಿದ್ದವು. ಇದು ಸರ್ಕಾರದ ಕೆಲಸ ಅಂತ ವೆಜ್‌ವುಡ್ ಕೂರಲಿಲ್ಲ. ಟ್ರೆಂಟ್ ಮತ್ತು ಮರ್ಸಿ ನದಿಗಳನ್ನ ಜೋಡಿಸುವ ಕಾಲುವೆಗಾಗಿ ಓಡಾಡಿದ, ಆ ಯೋಜನೆಯ ಖಜಾಂಚಿಯಾದ. 1766ರ ಜುಲೈನಲ್ಲಿ ಮೊದಲ ಮಣ್ಣು ಅಗೆದವನೂ ಅವನೇ. ಇಂಜಿನಿಯರ್ ಜೇಮ್ಸ್ ಬ್ರಿಂಡ್ಲಿ. ಸುಮಾರು 150 ಕಿಲೋಮೀಟರ್ ಉದ್ದದ ಕಾಲುವೆ 1777ರಲ್ಲಿ ಮುಗಿಯಿತು. ಅಷ್ಟರಲ್ಲಿ ಅದರ ದಡದಲ್ಲೇ ಜಾಗ ಕೊಂಡು ಹೊಸ ಕಾರ್ಖಾನೆ ಕಟ್ಟಿಯಾಗಿತ್ತು. ಅದಕ್ಕೆ ಎಟ್ರೂರಿಯಾ ಅಂತ ಹೆಸರು.

ಈ ನಡುವೆ 1768ರ ಮೇ ತಿಂಗಳಲ್ಲಿ ಅವನ ಬಲಗಾಲನ್ನ ಕತ್ತರಿಸಬೇಕಾಯಿತು. ಅರಿವಳಿಕೆ ಇನ್ನೂ ಬಂದಿರದ ಕಾಲ, ಅಫೀಮಿನ ಔಷಧವೇ ಗತಿ. ಮರದ ಕಾಲು ಕಟ್ಟಿಕೊಂಡು ಮತ್ತೆ ಕಾರ್ಖಾನೆಗೆ ಬಂದ. ಸರಿಯಿಲ್ಲದ ಪಾತ್ರೆ ಕಂಡರೆ ಅಲ್ಲೇ ಒಡೆದು ಹಾಕುತ್ತಿದ್ದ ಅಂತ ಕಥೆಗಳಿವೆ. 1769ರ ಜೂನ್ 13ರಂದು ಎಟ್ರೂರಿಯಾ ತೆರೆದಾಗ ವೆಜ್‌ವುಡ್ ತಾನೇ ತಿಗರಿಯ ಮುಂದೆ ಕೂತ. ಬೆಂಟ್ಲಿ ಚಕ್ರ ತಿರುಗಿಸಿದ. ಆ ದಿನ ಆರು ಹೂದಾನಿಗಳು ಎದ್ದವು. ಹುಡುಗನಾಗಿದ್ದಾಗ ಅಣ್ಣನ ಕೈಕೆಳಗೆ ಕಲಿತದ್ದು ಮೂವತ್ತೆಂಟರ ವಯಸ್ಸಿನಲ್ಲೂ ಕೈಯಲ್ಲಿತ್ತು.

ಲೆಕ್ಕ ಹೇಳಿದ ನಿಜ

1772ರಲ್ಲಿ ಬ್ರಿಟನ್ನಿನಲ್ಲಿ ಬ್ಯಾಂಕುಗಳು ಮುಳುಗಿ ವ್ಯಾಪಾರ ಕುಸಿಯಿತು. ಎಟ್ರೂರಿಯಾದ ಗೋದಾಮಿನಲ್ಲಿ ಮಾರಾಟವಾಗದ ಮಾಲು ಬಿತ್ತು. ವೆಜ್‌ವುಡ್ ಕೂತು ಒಂದೊಂದು ಪಾತ್ರೆಗೂ ಎಷ್ಟು ಖರ್ಚಾಗುತ್ತೆ ಅಂತ ಲೆಕ್ಕ ತೆಗೆದ. ಮಣ್ಣು, ಕೂಲಿ, ಕಲ್ಲಿದ್ದಲು ಸರಿ. ಆದರೆ ಅಚ್ಚು, ಬಾಡಿಗೆ, ಗುಮಾಸ್ತರ ಸಂಬಳ ಇವು ಹತ್ತು ಪಾತ್ರೆ ಮಾಡಿದರೂ ಸಾವಿರ ಪಾತ್ರೆ ಮಾಡಿದರೂ ಗಡಿಯಾರದ ಹಾಗೆ ನಡೀತಾನೇ ಇರುತ್ತವೆ. ಅಂದರೆ ಒಂದೇ ಆಕಾರವನ್ನ ಹೆಚ್ಚು ಮಾಡಿದಷ್ಟೂ ಒಂದೊಂದರ ಖರ್ಚು ಇಳಿಯುತ್ತೆ. ನಾವು ಮ್ಯಾನೇಜ್‌ಮೆಂಟ್ ಪೇಪರಿನಲ್ಲಿ ಐದು ಮಾರ್ಕಿಗೆ ಬರೆಯೋ ಫಿಕ್ಸೆಡ್ ಕಾಸ್ಟು, ವೇರಿಯಬಲ್ ಕಾಸ್ಟು ಇದೇ. ಅವನು ಅದನ್ನ ಕಂಡುಕೊಂಡಿದ್ದು ಸಾಲಗಾರರು ಬಾಗಿಲಿಗೆ ಬರೋ ಭಯದಲ್ಲಿ. ಲೆಕ್ಕ ಕೆದಕುತ್ತಾ ಹೋದಾಗ ಲಂಡನ್ ಕಚೇರಿಯ ಗುಮಾಸ್ತನ ಗೋಲ್‌ಮಾಲೂ ಹೊರಗೆ ಬಂತು.

ಮಾರಾಟದಲ್ಲೂ ಅವನ ತಲೆ ಹೀಗೇ ಓಡುತ್ತಿತ್ತು. ಲಂಡನ್ ಶೋರೂಮಿನಲ್ಲಿ ಪಾತ್ರೆಗಳನ್ನ ಕಪಾಟಿನಲ್ಲಿ ಪೇರಿಸುವ ಬದಲು ಊಟಕ್ಕೆ ಬಡಿಸೋ ಹಾಗೆ ಮೇಜಿನ ಮೇಲೆ ಜೋಡಿಸಿದ. ಕೆಲವು ದಿನಕ್ಕೊಮ್ಮೆ ಜೋಡಣೆ ಬದಲಾಯಿಸಿದ. ಕ್ಯಾಟಲಾಗ್ ಅಚ್ಚು ಹಾಕಿಸಿದ, ಊರೂರು ತಿರುಗುವ ಮಾರಾಟಗಾರರನ್ನ ಇಟ್ಟ. 1773ರಲ್ಲಿ ರಷ್ಯಾದ ಸಾಮ್ರಾಜ್ಞಿ ಕ್ಯಾಥರಿನ್ 952 ಪಾತ್ರೆಗಳ ದೊಡ್ಡ ಸೆಟ್ಟು ಕೇಳಿದಳು. ಅದರ ಮೇಲೆ ಬ್ರಿಟನ್ನಿನ 1,222 ಬೇರೆ ಬೇರೆ ದೃಶ್ಯಗಳನ್ನ ಕೈಯಿಂದ ಬಿಡಿಸಬೇಕಿತ್ತು. ಖರ್ಚು ಕಳೆದರೆ ಲಾಭ ದೊಡ್ಡದೇನಲ್ಲ. ಆದರೆ ಕಳಿಸುವ ಮೊದಲು 1774ರಲ್ಲಿ ಅದನ್ನ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟ. ತಮ್ಮ ತೋಟ, ತಮ್ಮ ಬಂಗಲೆ ಅದರಲ್ಲಿದೆಯಾ ಅಂತ ನೋಡಲು ಶ್ರೀಮಂತರು ಬಂದರು. ರಾಣಿಯೂ ಬಂದಳು.

ಕಲಿಸುವ ಕಾರ್ಖಾನೆ

ಇಷ್ಟು ಕೆಲಸಕ್ಕೆ ಕೈ ಎಲ್ಲಿಂದ ತರೋದು? ಕಲಿತ ಕೆಲಸಗಾರರು ಸಿಗುತ್ತಿರಲಿಲ್ಲ. ಸಿಕ್ಕವರಿಗೆ ಹಳೆಯ ಅಭ್ಯಾಸಗಳು ಅಂಟಿಕೊಂಡಿದ್ದವು. ಬೇಕಾದಾಗ ಬರೋದು, ಬೇಡವಾದಾಗ ಹೋಗೋದು, ಹಬ್ಬ ಬಂದರೆ ವಾರಗಟ್ಟಲೆ ಕಾಣೆಯಾಗೋದು. ವೆಜ್‌ವುಡ್ ಹೊಸಬರನ್ನ ತಾನೇ ತಯಾರು ಮಾಡಲು ನಿರ್ಧರಿಸಿದ. ಹುಡುಗ ಹುಡುಗಿಯರನ್ನ ಅಪ್ರೆಂಟಿಸ್ ಆಗಿ ತೆಗೆದುಕೊಂಡು ಚಿತ್ರ ಬಿಡಿಸೋದು, ಅಚ್ಚು ಮಾಡೋದು ಕಲಿಸಲು ಏರ್ಪಾಡು ಮಾಡಿದ. 1790ರ ಹೊತ್ತಿಗೆ ಅವನ ಕೆಲಸಗಾರರಲ್ಲಿ ಸುಮಾರು ಕಾಲು ಭಾಗ ಅಪ್ರೆಂಟಿಸ್‌ಗಳೇ, ಅವರಲ್ಲಿ ಹುಡುಗಿಯರೂ ಬಹಳ. ಬೆಳಗ್ಗೆ ಗಂಟೆ ಹೊಡೆದರೆ ಕೆಲಸ ಶುರು, ತಡವಾದರೆ ದಂಡ. ಕಾರ್ಖಾನೆಯ ಪಕ್ಕದಲ್ಲಿ ಕೆಲಸಗಾರರಿಗೆ ಮನೆ ಕಟ್ಟಿಸಿದ, ಕಾಯಿಲೆ ಬಿದ್ದವರಿಗೆ ನೆರವಾಗುವ ನಿಧಿ ಇತ್ತು.

ಆದರೆ ಅವನು ಕಲಿಸಿದ್ದಕ್ಕೂ ಅವನು ಕಲಿತದ್ದಕ್ಕೂ ಒಂದು ದೊಡ್ಡ ವ್ಯತ್ಯಾಸ ಇತ್ತು. ಎಟ್ರೂರಿಯಾದಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಮಣ್ಣು ಬೆರೆಸುವವನು ಮಣ್ಣೇ ಬೆರೆಸಬೇಕು, ಹಿಡಿಕೆ ಕೂರಿಸುವವನು ಹಿಡಿಕೆಯೇ ಕೂರಿಸಬೇಕು, ಬಣ್ಣ ಹಾಕುವವಳು ಅದೇ ಅಂಚಿಗೆ ಅದೇ ಬಳ್ಳಿ ಬಿಡಿಸಬೇಕು. 1790ರ ಒಂದು ಪಟ್ಟಿಯಲ್ಲಿ 278 ಜನ ಕೆಲಸಗಾರರಲ್ಲಿ ನಿಗದಿತ ಕೆಲಸ ಇಲ್ಲದವರು ಐದೇ ಮಂದಿ. ಇದರಿಂದ ಗುಣಮಟ್ಟ ಏರಿತು, ತಪ್ಪು ಕಡಿಮೆಯಾಯಿತು. ಇನ್ನೊಂದು ಅನುಕೂಲವೂ ಇತ್ತು. ಯಾರೊಬ್ಬರಿಗೂ ಪೂರ್ತಿ ಗುಟ್ಟು ಗೊತ್ತಿರುತ್ತಿರಲಿಲ್ಲ.

ಗುಟ್ಟಿನ ಚಿಂತೆ ಸುಮ್ಮನೆ ಹುಟ್ಟಿದ್ದಲ್ಲ. ಹಣ ಖರ್ಚು ಮಾಡಿ ಕೆಲಸ ಕಲಿಸಿದವರನ್ನ ಬೇರೆ ದೇಶದ ಕಾರ್ಖಾನೆಗಳ ಏಜೆಂಟರು ಬಂದು ಹೆಚ್ಚು ಸಂಬಳದ ಆಸೆ ತೋರಿಸಿ ಕರೆದೊಯ್ಯುತ್ತಿದ್ದರು. 1783ರಲ್ಲಿ ವೆಜ್‌ವುಡ್ ಈ ಬಗ್ಗೆ ಕುಂಬಾರಿಕೆಯ ಕೆಲಸಗಾರರಿಗಾಗಿ ಒಂದು ಕಿರುಪುಸ್ತಕವನ್ನೇ ಬರೆದು ಅಚ್ಚು ಹಾಕಿಸಿದ. ಹೊರಗೆ ಹೋದರೆ ಆಗೋ ಕಷ್ಟ ನಷ್ಟಗಳನ್ನ ಅದರಲ್ಲಿ ವಿವರಿಸಿದ. ಕಲಿಸಿದರೆ ಬಿಟ್ಟುಹೋಗ್ತಾರೆ, ಕಲಿಸದಿದ್ದರೆ ಕೆಲಸ ಸಾಗೋದಿಲ್ಲ. ಇವತ್ತು ನಮಗೆ ಬಾಂಡ್ ಬರೆಸಿಕೊಳ್ಳೋ ಕಂಪನಿಗಳ ಸಂಕಟವೂ ಇದೇ ತಾನೇ? ಕೆಲಸಗಾರರ ಕಡೆಯಿಂದ ನೋಡಿದರೆ ಬೇರೆ ಚಿತ್ರ ಕಾಣುತ್ತೆ. ಹತ್ತು ವರ್ಷ ಒಂದೇ ಬಳ್ಳಿ ಬಿಡಿಸಿದವಳ ಕೈಯಲ್ಲಿ ಆ ಬಳ್ಳಿ ಬಿಟ್ಟರೆ ಏನು ಉಳಿಯಿತು?

ಬೆಂಕಿಗೆ ಅಳತೆ

ಪ್ರಯೋಗ ಮಾತ್ರ ಯಾವತ್ತೂ ನಿಲ್ಲಲಿಲ್ಲ. ನೀಲಿ ಹಿನ್ನೆಲೆಯ ಜಾಸ್ಪರ್ ಪಾತ್ರೆ 1774, 75ರ ಸುಮಾರಿಗೆ ಕೈಗೂಡಿತು. ಅದರ ಹಿಂದೆ ಸಾವಿರಾರು ಪರೀಕ್ಷೆಗಳಿವೆ. ಬೇರಿಯಂ ಸಲ್ಫೇಟ್ ಇರೋ ಒಂದು ಖನಿಜ ಬೆರೆಸಿದ್ದೇ ಅದರ ಗುಟ್ಟು. ಒಂದೊಂದು ಪರೀಕ್ಷೆಯ ಚೂರಿಗೂ ನಂಬರು ಹಾಕಿ ತಟ್ಟೆಗಳಲ್ಲಿ ಜೋಡಿಸಿ ಇಟ್ಟಿದ್ದ. ಆ ತಟ್ಟೆಗಳು ಈಗಲೂ ಇಂಗ್ಲೆಂಡಿನ ಬಾರ್ಲಾಸ್ಟನ್ ಮ್ಯೂಸಿಯಮ್ಮಿನಲ್ಲಿವೆ.

ಆವಿಗೆಯ ಶಾಖ ಅಳೆಯಲು ಆಗ ಉಪಕರಣವೇ ಇರಲಿಲ್ಲ. ಗಾಜಿನ ಥರ್ಮಾಮೀಟರು ಆ ಬೆಂಕಿಗೆ ನಿಲ್ಲೋದಿಲ್ಲ. ಕೆಲಸಗಾರರು ಬೆಂಕಿಯ ಬಣ್ಣ ನೋಡಿ ಅಂದಾಜು ಮಾಡುತ್ತಿದ್ದರು. ಜೇಡಿಮಣ್ಣು ಕಾದಷ್ಟೂ ಕುಗ್ಗುತ್ತೆ ಅನ್ನೋದನ್ನೇ ವೆಜ್‌ವುಡ್ ಬಳಸಿಕೊಂಡ. ಒಂದೇ ಅಳತೆಯ ಮಣ್ಣಿನ ತುಂಡುಗಳನ್ನ ಆವಿಗೆಯಲ್ಲಿಟ್ಟು ತೆಗೆದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಿರಿದಾಗುತ್ತಾ ಹೋಗೋ ಲೋಹದ ಸಂದಿಯಲ್ಲಿ ಜಾರಿಸುವುದು. ಹೆಚ್ಚು ಕುಗ್ಗಿದ ತುಂಡು ಹೆಚ್ಚು ಒಳಗೆ ಹೋಗುತ್ತೆ. 1782ರಲ್ಲಿ ಈ ಪೈರೋಮೀಟರ್ ಬಗ್ಗೆ ರಾಯಲ್ ಸೊಸೈಟಿಗೆ ಪ್ರಬಂಧ ಕೊಟ್ಟ, 1783ರಲ್ಲಿ ಅದರ ಸದಸ್ಯನಾದ. ತನ್ನ ಅಳತೆಯನ್ನ ಫ್ಯಾರನ್‌ಹೀಟಿಗೆ ಬದಲಾಯಿಸಿ ಕೊಟ್ಟ ಅಂಕಿಗಳು ವಾಸ್ತವಕ್ಕಿಂತ ಬಹಳ ಹೆಚ್ಚು ಅಂತ ಆಮೇಲೆ ಗೊತ್ತಾಯಿತು. ಆದರೆ ನಿನ್ನೆಯ ಬೆಂಕಿಯೂ ಇವತ್ತಿನ ಬೆಂಕಿಯೂ ಒಂದೇನಾ ಅಂತ ಹೋಲಿಸಲು ಆ ಉಪಕರಣ ಸಾಕಾಗಿತ್ತು. ಕುಂಬಾರನಿಗೆ ಬೇಕಾಗಿದ್ದದ್ದೂ ಅಷ್ಟೇ.

ಮಂಡಿಯೂರಿದ ಮನುಷ್ಯ

1787ರಲ್ಲಿ ಲಂಡನ್ನಿನಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಲು ಒಂದು ಸಮಿತಿ ಹುಟ್ಟಿತು. ವೆಜ್‌ವುಡ್ ಅದಕ್ಕೆ ಸೇರಿದ. ಸಮಿತಿಯ ಗುರುತನ್ನ ಜಾಸ್ಪರಿನಲ್ಲಿ ಸಣ್ಣ ಪದಕವಾಗಿ ಮಾಡಿಸಿದ. ಸರಪಳಿ ತೊಟ್ಟು ಮಂಡಿಯೂರಿದ ಆಫ್ರಿಕನ್ ಮನುಷ್ಯ, ಸುತ್ತಲೂ ತನ್ನ ಮನುಷ್ಯತ್ವವನ್ನ ಒಪ್ಪಿಕೊಳ್ಳಿ ಅಂತ ಕೇಳುವ ಬರಹ. ಇದಕ್ಕೆ ಅವನು ಹಣ ತೆಗೆದುಕೊಳ್ಳಲಿಲ್ಲ, ಹಂಚಿದ. 1788ರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ಗೂ ಕಳಿಸಿದ. ಹೆಂಗಸರು ಅದನ್ನ ಬಳೆಗೆ, ತಲೆಪಿನ್ನಿಗೆ ಹಾಕಿಸಿಕೊಂಡರು. ಫ್ಯಾಷನ್ ಹೇಗೆ ಹರಡುತ್ತೆ ಅಂತ ಟೀ ಸೆಟ್ಟು ಮಾರಿ ಕಲಿತದ್ದನ್ನ ಅವನು ಇಲ್ಲಿ ಬಳಸಿದ.

ಇದರಲ್ಲಿ ಒಂದು ಕಹಿಯೂ ಇದೆ. ಅವನ ಕಪ್ಪು ಸಾಸರುಗಳು ಮನೆಮನೆಗೆ ಹೋಗಿದ್ದು ಜನ ಸಕ್ಕರೆ ಹಾಕಿದ ಟೀ ಕುಡಿಯಲು ಶುರುಮಾಡಿದ್ದರಿಂದ. ಆ ಸಕ್ಕರೆ ಬರುತ್ತಿದ್ದದ್ದು ವೆಸ್ಟ್ ಇಂಡೀಸಿನ ಗುಲಾಮರ ದುಡಿಮೆಯಿಂದ. ಅವನ ಪಾತ್ರೆಗಳು ಹಡಗು ಹತ್ತುತ್ತಿದ್ದ ಲಿವರ್‌ಪೂಲ್ ಆ ವ್ಯಾಪಾರದ ದೊಡ್ಡ ಬಂದರು. ಒಂದು ಪ್ರಾಡಕ್ಟು ಅಂಗಡಿಯ ಬಾಗಿಲಲ್ಲಿ ಮುಗಿಯೋದಿಲ್ಲ. ಅದನ್ನ ಏನಕ್ಕೆ ಬಳಸ್ತಾರೆ, ಅದರ ಜೊತೆ ಏನು ಬೆಳೆಯುತ್ತೆ ಅನ್ನೋದೂ ಲೆಕ್ಕಕ್ಕೆ ಬರಬೇಕು. ವೆಜ್‌ವುಡ್ ಆ ಲೆಕ್ಕವನ್ನ ಪೂರ್ತಿ ಮುಗಿಸಲಿಲ್ಲ. ಅದನ್ನ ಎತ್ತಿಕೊಂಡವರಲ್ಲಿ ಒಬ್ಬ ಅನ್ನೋದು ನಿಜ. ಬ್ರಿಟನ್ ಗುಲಾಮರ ವ್ಯಾಪಾರ ನಿಷೇಧಿಸಿದ್ದು 1807ರಲ್ಲಿ, ಅವನು ಸತ್ತು ಹನ್ನೆರಡು ವರ್ಷದ ಮೇಲೆ.

ಅವನ ನಂತರ

1795ರ ಜನವರಿ 3ರಂದು ಎಟ್ರೂರಿಯಾದ ತನ್ನ ಮನೆಯಲ್ಲಿ ವೆಜ್‌ವುಡ್ ತೀರಿಕೊಂಡ. ಮಗಳು ಸುಸಾನಾಳ ಮಗನೇ ಮುಂದೆ ಜೀವವಿಕಾಸದ ಬಗ್ಗೆ ಬರೆದ ಚಾರ್ಲ್ಸ್ ಡಾರ್ವಿನ್.

ಕಾರ್ಖಾನೆಯ ಕಥೆ ಅಷ್ಟು ಸುಲಭವಾಗಿ ಮುಂದುವರಿಯಲಿಲ್ಲ. ಗಂಡುಮಕ್ಕಳಿಗೆ ವಿಜ್ಞಾನ, ಭಾಷೆ ಎಲ್ಲ ಕಲಿಸಿದ್ದ, 1790ರಲ್ಲಿ ಪಾಲುದಾರರನ್ನಾಗಿಯೂ ಮಾಡಿಕೊಂಡಿದ್ದ. ಆದರೆ ಅವರ ಮನಸ್ಸು ಕುಂಬಾರಿಕೆಯಲ್ಲಿ ಇರಲಿಲ್ಲ. ಅಪ್ಪ ಸತ್ತ ಮೇಲೆ ಅವರು ಬೇರೆ ಕಡೆ ಹೋಗಿ ನೆಲೆಸಿದರು. ವೆಜ್‌ವುಡ್‌ನ ಅಕ್ಕನ ಮಗ ಕೆಲವು ವರ್ಷ ಎಲ್ಲವನ್ನೂ ನೋಡಿಕೊಂಡ, ವ್ಯಾಪಾರ ಸೊರಗಿತು. ಎಟ್ರೂರಿಯಾದಲ್ಲಿ ಆಗ ಒಳ್ಳೆ ಅಚ್ಚುಗಾರರಿದ್ದರು, ಒಳ್ಳೆ ಚಿತ್ರಗಾರ್ತಿಯರಿದ್ದರು, ಆವಿಗೆ ಬಲ್ಲವರಿದ್ದರು. ಮಣ್ಣಿನಿಂದ ಮಾರುಕಟ್ಟೆಯವರೆಗೆ ಎಲ್ಲ ಕೋಣೆಗಳನ್ನೂ ಹೊಕ್ಕು ಬಂದವನು ಒಬ್ಬನೇ ಇದ್ದ, ಅವನು ಹೋಗಿದ್ದ. ಅವನು ಕಟ್ಟಿದ ತರಬೇತಿಯಲ್ಲಿ ಅಂಥ ಇನ್ನೊಬ್ಬ ತಯಾರಾಗಲು ದಾರಿಯೇ ಇರಲಿಲ್ಲ.

ಗೆಳೆಯರೇ, ನಮಗೆ ಬೇಕಾದ ಪಾಠ ಇಲ್ಲಿದೆ ಅಂತ ನಮಗನಿಸುತ್ತೆ. ನಮ್ಮ ಬ್ರ್ಯಾಂಚುಗಳೂ ಎಟ್ರೂರಿಯಾದ ಕೋಣೆಗಳ ಹಾಗೇ ಇವೆ. ಸಿಎಸ್ ಓದೋರು ವರ್ಕ್‌ಶಾಪ್ ಕ್ಲಾಸನ್ನ ಅಟೆಂಡೆನ್ಸಿಗೆ ಮುಗಿಸ್ತಾರೆ, ಮೆಕ್ಯಾನಿಕಲ್ಲಿನವರು ಕಾಸ್ಟಿಂಗ್ ಬರೀ ಥಿಯರಿ ಅಂತಾರೆ, ಮಾಡಿದ ಪ್ರಾಜೆಕ್ಟನ್ನ ಯಾರು ಬಳಸ್ತಾರೆ ಅಂತ ಯಾರೂ ಹೋಗಿ ಕೇಳೋದಿಲ್ಲ. ಪ್ರಾಡಕ್ಟ್ ಕೆಲಸಕ್ಕೆ ಹೋಗಬೇಕು ಅನ್ನುವವರಿಗೆ ಕೋರ್ಸು ಒಂದು ನಕ್ಷೆ ಕೊಡಬಹುದು, ನಡೆಯೋದು ನಾವೇ. ಈ ಸೆಮಿಸ್ಟರಿನಲ್ಲಿ ಮೂರು ಕೆಲಸ ಮಾಡಿ ನೋಡಿ. ನಿಮ್ಮ ಪ್ರಾಜೆಕ್ಟಿನ ಪುಸ್ತಕದ ಮೊದಲ ಪುಟದಲ್ಲಿ, ಇದು ಯಾರಿಗೆ ಯಾಕೆ ಬೇಕು, ಈಗಿರೋದು ಯಾಕೆ ಸಾಲದು ಅಂತ ಬರೆಯಿರಿ. ಕೈಗೂಡದ ಪ್ರಯೋಗಕ್ಕೂ ಒಂದು ನಂಬರು ಹಾಕಿ ಇಡಿ. ನಿಮ್ಮದಲ್ಲದ ಒಂದು ಲ್ಯಾಬಿಗೆ ಹೋಗಿ, ಅಲ್ಲಿನ ಇನ್‌ಸ್ಟ್ರಕ್ಟರ್ ಸರ್ ಹತ್ತಿರ ಒಂದು ಕೆಲಸವನ್ನ ಕೈಯಾರೆ ಕಲಿಯಿರಿ.

ಮೂರನೆಯದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ. ನಾಲ್ಕು ಗಂಟೆ ಮೇಲೆ ವರ್ಕ್‌ಶಾಪಿನ ಬಾಗಿಲು ಸಾಮಾನ್ಯವಾಗಿ ತೆರೆದೇ ಇರುತ್ತೆ.